ಭುಜದ ಆಪರೇಷನ್‌ಗೆ ಕುತ್ತಿಗೆಗೆ ಸೂಜಿ ಯಾಕೆ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನಮ್ಮೂರು ತಿಪಟೂರಿನ ಹತ್ತಿರ. ಅಪ್ಪನಿಗೆ 68 ವರ್ಷ. ಮೂರು ತಿಂಗಳ ಹಿಂದೆ ತೋಟದ ಬದುವಿನ ಮೇಲೆ ಜಾರಿ ಬಿದ್ದು ಬಲಭುಜಕ್ಕೆ ಏಟಾಯಿತು. ರೊಟೇಟರ್ ಕಫ್, ಅಂದರೆ ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳ ಪಟ್ಟಿ, ಹರಿದಿದೆ ಅಂತ ಎಂಆರ್‌ಐನಲ್ಲಿ ಬಂದಿದೆ. ಬೆಂಗಳೂರಿನಲ್ಲಿ ಕೀಹೋಲ್ ಆಪರೇಷನ್‌ಗೆ ದಿನ ಕೊಟ್ಟಿದ್ದಾರೆ. ಅರಿವಳಿಕೆ ಡಾಕ್ಟರು, "ಕುತ್ತಿಗೆ ಹತ್ತಿರ ಸ್ಕ್ಯಾನ್ ನೋಡಿಕೊಂಡು ನರಕ್ಕೆ ಒಂದು ಇಂಜೆಕ್ಷನ್ ಕೊಡ್ತೀವಿ, ಕೈ ಪೂರ್ತಿ ಮರಗಟ್ಟುತ್ತೆ" ಅಂದರು. ಅವತ್ತಿನಿಂದ ಅಪ್ಪ ಸರಿಯಾಗಿ ನಿದ್ದೆ ಮಾಡಿಲ್ಲ. ಕುತ್ತಿಗೆಗೆ ಸೂಜಿ ಹಾಕಿದರೆ ಕೈ ಬಿದ್ದುಹೋಗುತ್ತೆ ಅಂತ ಪಕ್ಕದ ಮನೆಯವರು ಹೇಳಿದ್ದಾರೆ. ಅಪ್ಪ 30 ವರ್ಷ ಬೀಡಿ ಸೇದಿದವರು, ಬಿಟ್ಟು ನಾಲ್ಕು ವರ್ಷವಾಯಿತು. ಇನ್‌ಹೇಲರ್ ತಗೋತಾರೆ, ಒಂದು ಮಹಡಿ ಹತ್ತಿದರೆ ಏದುಸಿರು. ಶುಗರ್ ಇದೆ. ಹಾರ್ಟ್‌ಗೆ ಅಂತ ಆಸ್ಪಿರಿನ್ ಇದೆ. ಆಪರೇಷನ್ ಭುಜಕ್ಕಾದರೆ ಸೂಜಿ ಕುತ್ತಿಗೆಗೆ ಯಾಕೆ? ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡೋದೇ ಒಳ್ಳೇದಲ್ವಾ? ಅಪ್ಪನದೂ ಒಂದು ಪ್ರಶ್ನೆ ಇದೆ: ಎಚ್ಚರ ಇದ್ದರೆ ಅಲ್ಲಿ ನಡೆಯೋದೆಲ್ಲ ಕೇಳಿಸುತ್ತಾ?

ಉತ್ತರ: ನಿಮ್ಮ ಪತ್ರದಲ್ಲಿ ಕೈ ಬಿದ್ದುಹೋಗುವ ಭಯ ದೊಡ್ಡದಾಗಿದೆ. ಅದು ಸಹಜ. ಆದರೆ ಅರಿವಳಿಕೆ ವೈದ್ಯೆಯಾಗಿ ನನ್ನ ಕಣ್ಣು ನಿಂತದ್ದು ಬೇರೆ ಕಡೆ. "ಒಂದು ಮಹಡಿ ಹತ್ತಿದರೆ ಏದುಸಿರು" ಎಂದು ನಡುವೆ ಒಂದು ಮಾತು ಬರೆದಿದ್ದೀರಲ್ಲ, ಅಲ್ಲಿ. ನಿಮ್ಮ ತಂದೆಯ ವಿಷಯದಲ್ಲಿ ಈ ಇಂಜೆಕ್ಷನ್ ಬಗ್ಗೆ ನಿಜವಾಗಿ ಯೋಚಿಸಬೇಕಾದದ್ದು ಕೈಯ ಬಗ್ಗೆ ಅಲ್ಲ, ಉಸಿರಿನ ಬಗ್ಗೆ. ಯಾಕೆ ಅಂತ ಹೇಳುತ್ತೇನೆ. ಅದಕ್ಕೆ ಮೊದಲು ಒಂದು ಪದದ ಗೊಂದಲ ಬಿಡಿಸಬೇಕು.

ನಾವು ಕನ್ನಡದಲ್ಲಿ ಎರಡು ಬೇರೆ ಬೇರೆ ವಸ್ತುಗಳಿಗೆ "ನರ" ಎನ್ನುತ್ತೇವೆ. ಗ್ಲೂಕೋಸ್ ಹಾಕುವಾಗ ನರ್ಸ್ ಕೈ ತಟ್ಟಿ ತಟ್ಟಿ "ನರ ಸಿಗ್ತಾ ಇಲ್ಲ" ಎನ್ನುತ್ತಾರಲ್ಲ, ಅದು ರಕ್ತನಾಳ. ಅದರೊಳಗೆ ಸೂಜಿ ಹೋಗಲೇಬೇಕು, ಇಲ್ಲವಾದರೆ ಔಷಧಿ ರಕ್ತಕ್ಕೆ ಸೇರುವುದಿಲ್ಲ. ನೋವು, ಸ್ಪರ್ಶ, ಚಲನೆಯ ಸುದ್ದಿ ಒಯ್ಯುವ ನರ ಬೇರೆ. ಅದು ಕೊಳವೆ ಅಲ್ಲ, ದಾರಗಳ ಕಟ್ಟು. ನಿಮ್ಮ ಡಾಕ್ಟರು "ನರಕ್ಕೆ ಇಂಜೆಕ್ಷನ್" ಎಂದಾಗ ನಿಮ್ಮ ತಂದೆ ಬಹುಶಃ ಗ್ಲೂಕೋಸ್ ಸೂಜಿಯ ಹಾಗೆ ನರದೊಳಗೇ ಚುಚ್ಚುತ್ತಾರೆ ಎಂದುಕೊಂಡಿರಬೇಕು. ಹಾಗೆ ಮಾಡುವುದಿಲ್ಲ. ನರದ ಪಕ್ಕದಲ್ಲಿ ಸೂಜಿಯ ತುದಿ ನಿಲ್ಲುತ್ತದೆ, ಔಷಧಿ ನರದ ಸುತ್ತ ಹರಡುತ್ತದೆ, ಅಲ್ಲಿಂದ ನಿಧಾನವಾಗಿ ಒಳಗೆ ಇಳಿಯುತ್ತದೆ. ನನ್ನ ಬಳಿ ಬರುವ ಹತ್ತರಲ್ಲಿ ಐದಾರು ಜನರ ಹೆದರಿಕೆ ಇಷ್ಟು ಹೇಳಿದ ಮೇಲೆ ಅರ್ಧಕ್ಕೆ ಇಳಿಯುತ್ತದೆ.

ಈಗ ಕುತ್ತಿಗೆ ಯಾಕೆ ಅನ್ನೋದಕ್ಕೆ ಬರೋಣ. ಕನ್ನಡಿ ಮುಂದೆ ನಿಂತು ಮುಖವನ್ನು ಎಡಕ್ಕೆ ತಿರುಗಿಸಿ. ಬಲಗಿವಿಯ ಹಿಂದಿನಿಂದ ಎದೆಯ ನಡುಮೂಳೆಯವರೆಗೆ ಹಗ್ಗದಂಥ ಒಂದು ದಪ್ಪ ಸ್ನಾಯು ಎದ್ದು ಕಾಣುತ್ತದೆ. ಅದರ ಹಿಂದಿನ ಅಂಚಿನಲ್ಲಿ, ಗಂಟಲಮಣಿಗಿಂತ ಸ್ವಲ್ಪ ಕೆಳಗಿನ ಮಟ್ಟದಲ್ಲಿ, ಎರಡು ಬೆರಳು ಹಗುರವಾಗಿ ಇಡಿ. ಮೂಗಿನಿಂದ ಜೋರಾಗಿ ಒಮ್ಮೆ ಉಸಿರೆಳೆಯಿರಿ. ಬೆರಳ ಕೆಳಗೆ ಏನೋ ಬಿಗಿಯಾಗುವುದು ಗೊತ್ತಾಗುತ್ತದೆ. ಅವು ಸ್ಕೇಲೀನ್ ಸ್ನಾಯುಗಳು, ಮುಂದಿನದೊಂದು, ಮಧ್ಯದ್ದೊಂದು. ಎರಡರ ನಡುವೆ ಒಂದು ಸಣ್ಣ ಸಂದು. ಹೆಚ್ಚುಕಡಿಮೆ ಇಡೀ ಕೈಯ ನರಗಳು ಬೆನ್ನುಹುರಿಯಿಂದ ಹೊರಟು ಸಾಮಾನ್ಯವಾಗಿ ಈ ಸಂದಿನಲ್ಲೇ ತೂರಿ ಬರುತ್ತವೆ. ಕುತ್ತಿಗೆಯ ಕೊನೆಯ ನಾಲ್ಕು, ಎದೆಯ ಮೊದಲನೆಯದು ಒಂದು, ಒಟ್ಟು 5 ಬೇರುಗಳು. ಮುಂದೆ ಅವು ತೆಂಗಿನ ನಾರಿನ ಹಗ್ಗ ಹೊಸೆದ ಹಾಗೆ ಒಂದಕ್ಕೊಂದು ಸೇರಿ, ಮತ್ತೆ ಕವಲಾಗಿ, ತೋಳಿಗೆ ಇಳಿಯುತ್ತವೆ. ಇದನ್ನು ಬ್ರೇಕಿಯಲ್ ಪ್ಲೆಕ್ಸಸ್ ಎನ್ನುತ್ತಾರೆ.

ಭುಜದ ಕೀಲಿನ ಸಂವೇದನೆ ಹೆಚ್ಚಾಗಿ ಕುತ್ತಿಗೆಯ 5ನೇ ಮತ್ತು 6ನೇ ಬೇರುಗಳದು. ಭುಜದ ಹತ್ತಿರ ಬರುವಷ್ಟರಲ್ಲಿ ಅವು ಹತ್ತಾರು ಕವಲಾಗಿ ಸ್ನಾಯುಗಳ ಒಳಗೆ ಚದುರಿಹೋಗಿರುತ್ತವೆ. ಒಂದೊಂದನ್ನೂ ಹುಡುಕಿ ಮರಗಟ್ಟಿಸಲು ಆಗುವುದಿಲ್ಲ. ಕುತ್ತಿಗೆಯಲ್ಲಿ ಮಾತ್ರ ಅವೆರಡೂ ಒಂದೇ ಕಡೆ, ಚರ್ಮದಿಂದ ಒಂದೆರಡು ಸೆಂಟಿಮೀಟರ್ ಆಳದಲ್ಲಿ ಸಿಗುತ್ತವೆ. ತೋಟದಲ್ಲಿ ಕವಲು ಕಾಲುವೆಗಳೆಲ್ಲ ಹರಿಯುತ್ತಿರುವಾಗ ನೀರು ನಿಲ್ಲಿಸಲು ತೂಬಿನ ಹತ್ತಿರವೇ ಹೋಗುತ್ತೀರಲ್ಲ, ಹಾಗೆ. ಇಲ್ಲಿ ಕೊಡುವ ಇಂಜೆಕ್ಷನ್‌ಗೆ ಇಂಟರ್‌ಸ್ಕೇಲೀನ್ ಬ್ಲಾಕ್ ಎಂದು ಹೆಸರು. ಡಾಕ್ಟರು "ಕೈ ಪೂರ್ತಿ" ಎಂದರೂ ಕೆಳಗಿನ ಬೇರುಗಳಿಗೆ ಔಷಧಿ ಅಷ್ಟಾಗಿ ತಲುಪುವುದಿಲ್ಲ. ಹಾಗಾಗಿ ಭುಜ ಸತ್ತಂತೆ ಬಿದ್ದಿದ್ದರೂ ಕಿರುಬೆರಳಿಗೆ ಸ್ಪರ್ಶ ಉಳಿದಿರಬಹುದು. ಅದನ್ನು ನೋಡಿ ಇಂಜೆಕ್ಷನ್ ಸರಿಯಾಗಿ ಹತ್ತಿಲ್ಲ ಎಂದು ಗಾಬರಿ ಆಗಬೇಡಿ.

ಹಿಂದೆ ಇದನ್ನು ಬೆರಳಿನ ಅಂದಾಜಿನ ಮೇಲೆ ಮಾಡುತ್ತಿದ್ದೆವು. 1970ರಲ್ಲಿ ವಿನ್ನಿ ಎಂಬ ಅಮೆರಿಕದ ವೈದ್ಯರು ಈ ಸಂದನ್ನು ಬೆರಳಲ್ಲಿ ಮುಟ್ಟಿ ಗುರುತಿಸುವ ಕ್ರಮ ಬರೆದಿಟ್ಟರು. ಅದರ ಮೇಲೆ ದಶಕಗಳ ಕಾಲ ಕೆಲಸ ನಡೆಯಿತು. ಸೂಜಿಯಿಂದ ಸಣ್ಣ ಕರೆಂಟ್ ಹಾಯಿಸಿ, ತೋಳು ಅದುರಿದರೆ ನರ ಹತ್ತಿರ ಇದೆ ಎಂದು ತಿಳಿಯುತ್ತಿದ್ದೆವು. 1994ರಲ್ಲಿ ವಿಯೆನ್ನಾದ ವೈದ್ಯರು ಕೊರಳೆಲುಬಿನ ಮೇಲಿನ ಬ್ಲಾಕ್ ಅನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿಕೊಂಡು ಕೊಟ್ಟ ಅನುಭವ ಪ್ರಕಟಿಸಿದರು. ಅಲ್ಲಿಂದ ನಮ್ಮ ಕೆಲಸದ ರೀತಿಯೇ ಬದಲಾಯಿತು. ಕತ್ತಲಲ್ಲಿ ತಡಕಾಡುತ್ತಿದ್ದವರ ಕೈಗೆ ಟಾರ್ಚ್ ಸಿಕ್ಕಂತಾಯಿತು.

ಪರದೆ ಮೇಲೆ ಏನು ಕಾಣುತ್ತದೆ ಗೊತ್ತಾ? ಕುತ್ತಿಗೆ ಮೇಲೆ ತಣ್ಣನೆಯ ಜೆಲ್ ಹಚ್ಚಿ ಪ್ರೋಬ್, ಅಂದರೆ ಸ್ಕ್ಯಾನ್ ಯಂತ್ರದ ಕೈಹಿಡಿ, ಇಟ್ಟರೆ ಮೊದಲು ದುಂಡಗೆ ಬಡಿದುಕೊಳ್ಳುವ ಒಂದು ಕಪ್ಪು ವೃತ್ತ ಸಿಗುತ್ತದೆ. ಅದು ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್. ಅದರ ಪಕ್ಕದಲ್ಲಿ, ಪ್ರೋಬ್ ಒತ್ತಿದರೆ ಚಪ್ಪಟೆಯಾಗಿ, ಬಿಟ್ಟರೆ ಮತ್ತೆ ತುಂಬಿಕೊಳ್ಳುವುದು ದೊಡ್ಡ ಅಭಿಧಮನಿ. ಅಲ್ಲಿಂದ ಪ್ರೋಬ್ ಅನ್ನು ಹಿಂದಕ್ಕೆ ಜಾರಿಸಿದರೆ ಎರಡು ಸ್ಕೇಲೀನ್ ಸ್ನಾಯುಗಳು, ನಡುವೆ ಒಂದರ ಕೆಳಗೊಂದು ಎರಡು ಮೂರು ಸಣ್ಣ ಕಪ್ಪು ದುಂಡುಗಳು. ಟ್ರಾಫಿಕ್ ಸಿಗ್ನಲ್ ಕಂಬದ ದೀಪಗಳ ಹಾಗೆಯೇ ಕಾಣುತ್ತವೆ. ಹೊಸ ಹುಡುಗರಿಗೆ ಕಲಿಸುವಾಗ ನಾವೂ "ಸಿಗ್ನಲ್ ಸಿಕ್ತಾ?" ಎಂದೇ ಕೇಳುತ್ತೇವೆ. ಆ ದುಂಡುಗಳೇ ನಿಮ್ಮ ತಂದೆಯ ಭುಜದ ನರಗಳು.

ಚರ್ಮಕ್ಕೆ ಮೊದಲು ಸಣ್ಣ ಸೂಜಿಯಲ್ಲಿ ಮರಗಟ್ಟುವ ಔಷಧಿ. ಇರುವೆ ಕಚ್ಚಿದಂತೆ ಚುರುಕ್ ಅನ್ನುತ್ತದೆ, ಅಷ್ಟೇ. ಆಮೇಲೆ ತುದಿ ಮೊಂಡಾಗಿರುವ ಬ್ಲಾಕ್ ಸೂಜಿ ಪಕ್ಕದಿಂದ ಒಳಗೆ ಬರುತ್ತದೆ. ಪರದೆ ಮೇಲೆ ಅದು ಬಿಳಿ ಗೆರೆಯಾಗಿ ಉದ್ದಕ್ಕೂ ಕಾಣುತ್ತಿರಬೇಕು. ತುದಿ ಕಾಣದಿದ್ದರೆ ಅಲ್ಲೇ ನಿಲ್ಲಿಸುತ್ತೇವೆ, ಮುಂದೆ ತಳ್ಳುವುದಿಲ್ಲ. ನರದ ಪಕ್ಕ ಬಂದ ಮೇಲೆ ಒಮ್ಮೆ ಸಿರಿಂಜ್ ಹಿಂದಕ್ಕೆಳೆದು ರಕ್ತ ಬರುವುದಿಲ್ಲ ಎಂದು ನೋಡಿಕೊಂಡು, ಒಂದೊಂದೇ ಮಿಲಿ ಬಿಡುತ್ತೇವೆ. ಔಷಧಿ ಕಪ್ಪಾಗಿ ಹರಡುತ್ತಾ ನರದ ಅಂಚನ್ನು ಸ್ನಾಯುವಿನಿಂದ ಬಿಡಿಸಿಕೊಂಡು ಹೋಗುವುದು ಕಣ್ಣಿಗೆ ಕಾಣುತ್ತದೆ. ಆ ಹೊತ್ತಿನಲ್ಲಿ ಕೈಗೆ ಶಾಕ್ ಹೊಡೆದಂತೆ ಆದರೆ, ತೀವ್ರ ನೋವು ಬಂದರೆ, ತಕ್ಷಣ ಹೇಳಲಿ. ಸಿರಿಂಜ್ ಒತ್ತುವುದು ಗಟ್ಟಿ ಅನಿಸಿದರೂ ನಾವೇ ನಿಲ್ಲಿಸುತ್ತೇವೆ. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ.

ಇನ್ನು ಕೈ ಬಿದ್ದುಹೋಗುವ ಮಾತು. ನಿಮ್ಮ ಪಕ್ಕದ ಮನೆಯವರು ಸುಮ್ನೆ ಹೇಳಿದ್ದಾರೆ ಎಂದು ನಾನು ಹೇಳುವುದಿಲ್ಲ. ಬಹುಶಃ ಯಾರದ್ದೋ ಕೈ ಆಪರೇಷನ್ ಮುಗಿದ ಮೇಲೂ ಗಂಟೆಗಟ್ಟಲೆ ಜೋತುಬಿದ್ದಿದ್ದನ್ನು ನೋಡಿರಬೇಕು. ಬ್ಲಾಕ್ ಕೊಟ್ಟ ಕೈ ಲಕ್ವ ಹೊಡೆದ ಕೈಯಂತೆಯೇ ಕಾಣುತ್ತದೆ. 10ರಿಂದ 18 ಗಂಟೆ ಹಾಗೇ ಇರಬಹುದು. ಔಷಧಿ ಇಳಿದ ಮೇಲೆ ತಾನೇ ಸರಿಹೋಗುತ್ತದೆ. ಕೆಲವರಿಗೆ, ನೂರರಲ್ಲಿ ಕೆಲವೇ ಜನರಿಗೆ, ಬೆರಳಲ್ಲೋ ತೋಳಲ್ಲೋ ಜುಮ್ಮೆನ್ನುವುದು ಕೆಲವು ದಿನ ಅಥವಾ ವಾರ ಉಳಿಯುತ್ತದೆ. ಅದೂ ಬಹುತೇಕ ತಾನೇ ಹೋಗುತ್ತದೆ. ದೀರ್ಘಕಾಲ ಉಳಿಯುವ ನರದ ಹಾನಿ, ಎಲ್ಲ ಬಗೆಯ ನರ ಬ್ಲಾಕ್‌ಗಳನ್ನು ಸೇರಿಸಿ ನೋಡಿದರೆ, 10,000ಕ್ಕೆ ಸುಮಾರು 2ರಿಂದ 4. ಇದು ಸೊನ್ನೆ ಅಲ್ಲ. ಸೊನ್ನೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಟ್ರಾಸೌಂಡ್ ಬಂದ ಮೇಲೆ ರಕ್ತನಾಳಕ್ಕೆ ಔಷಧಿ ಹೋಗುವ ಅಪಾಯ ಚೆನ್ನಾಗಿ ಇಳಿದಿದೆ, ಔಷಧಿಯ ಪ್ರಮಾಣವೂ ಇಳಿದಿದೆ. ಆದರೆ ನರದ ಹಾನಿ ಅದರಿಂದ ಅಷ್ಟೇ ಇಳಿದಿದೆ ಎಂದು ಹೇಳುವ ಧೈರ್ಯ ನನಗಿಲ್ಲ. ನೋಡುವ ಕಣ್ಣು, ನಿಲ್ಲಿಸುವ ಕೈ ಎರಡೂ ಸೂಜಿ ಹಿಡಿದವರದೇ.

ಇನ್ನೊಂದು ಮಾತನ್ನು ರೋಗಿಗಳಿಗೆ ಯಾರೂ ಹೇಳುವುದಿಲ್ಲ. ಭುಜದ ಆಪರೇಷನ್ ಆದ ಮೇಲೆ ಕೈ ಜೋಮು ಹಿಡಿದರೆ ಬೆರಳು ಮೊದಲು ತೋರುವುದು ಬ್ಲಾಕ್ ಕಡೆಗೆ. ಕೈಯನ್ನು ಎಳೆದು ಕಟ್ಟುವುದರಿಂದ, ಮಲಗಿಸಿದ ಭಂಗಿಯಿಂದ, ಆಪರೇಷನ್ನಿನಿಂದಲೇ ನರಕ್ಕೆ ಪೆಟ್ಟಾಗಬಹುದು. ನಿಮ್ಮ ತಂದೆಗೆ ಶುಗರ್ ಬೇರೆ ಇದೆ. ಶುಗರ್‌ನಿಂದ ಈಗಾಗಲೇ ಪಾದ, ಬೆರಳು ಜುಮ್ಮೆನ್ನುತ್ತಿದ್ದರೆ ಅಂಥ ನರ ಸ್ವಲ್ಪ ಸೂಕ್ಷ್ಮ. ಬಿದ್ದ ಏಟಿಗೂ ನರ ಎಳೆದಿರಬಹುದು. ಆದ್ದರಿಂದ ಬ್ಲಾಕ್ ಕೊಡುವ ಮೊದಲೇ ಬಲಗೈ ಬೆರಳು, ಮಣಿಕಟ್ಟು, ತೋಳಿನ ಶಕ್ತಿ ಮತ್ತು ಸ್ಪರ್ಶ ಹೇಗಿದೆ ಎಂದು ಡಾಕ್ಟರು ಪರೀಕ್ಷಿಸಿ ಕೇಸ್ ಶೀಟ್‌ನಲ್ಲಿ ಬರೆಯಲಿ. ಬರೆಯದಿದ್ದರೆ ನೀವೇ ಕೇಳಿ. ಇದು ಜಗಳಕ್ಕಲ್ಲ, ಮುಂದೆ ಏನಾದರೂ ಆದರೆ ಕಾರಣ ಹುಡುಕಲು ಬೇಕು.

ಕುತ್ತಿಗೆಯ ಬ್ಲಾಕ್‌ನಲ್ಲಿ ಭಯಪಡಬೇಕಾದ ಒಂದು ಸಂದರ್ಭ ನಿಜಕ್ಕೂ ಇದೆ. 2000ನೇ ಇಸವಿಯಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 4 ಪ್ರಕರಣಗಳು ವರದಿಯಾದವು. ನಾಲ್ವರಿಗೂ ಪೂರ್ತಿ ಪ್ರಜ್ಞೆ ತಪ್ಪಿಸಿದ ಮೇಲೆ ಇಂಟರ್‌ಸ್ಕೇಲೀನ್ ಬ್ಲಾಕ್ ಕೊಡಲಾಗಿತ್ತು, ನಾಲ್ವರಲ್ಲೂ ಬೆನ್ನುಹುರಿಗೆ ಶಾಶ್ವತ ಹಾನಿಯಾಯಿತು. ನೋವಾಗುತ್ತಿದೆ ಎಂದು ಹೇಳಲು ರೋಗಿಗೆ ಎಚ್ಚರವೇ ಇರಲಿಲ್ಲ. ಅಂದಿನಿಂದ ದೊಡ್ಡವರಿಗೆ ಈ ಬ್ಲಾಕ್ ಅನ್ನು ಎಚ್ಚರವಿರುವಾಗ, ಅಥವಾ ಮಾತಿಗೆ ಓಗೊಡುವಷ್ಟು ಮಂಪರಿನಲ್ಲಿ ಮಾತ್ರ ಕೊಡಬೇಕು ಎಂಬುದು ಸಾಮಾನ್ಯ ನಿಯಮವಾಗಿದೆ. ಮನೆಯವರು ಅಕ್ಕರೆಯಿಂದ "ಮೊದಲು ಮಲಗಿಸಿಬಿಡಿ, ಆಮೇಲೆ ಸೂಜಿ ಹಾಕಿ" ಎನ್ನುತ್ತಾರೆ. ದಯವಿಟ್ಟು ಹಾಗೆ ಕೇಳಬೇಡಿ. ಆ ಹತ್ತು ನಿಮಿಷ ನಿಮ್ಮ ತಂದೆ ಎಚ್ಚರ ಇರುವುದೇ ಅವರ ಕಾವಲು.

ಈಗ ಉಸಿರಿನ ವಿಷಯ. ನಮ್ಮ ಉಸಿರಾಟದ ಮುಖ್ಯ ಸ್ನಾಯು ವಪೆ. ಎದೆಗೂ ಹೊಟ್ಟೆಗೂ ನಡುವೆ ಕೊಡೆಯಂತೆ ಹರಡಿಕೊಂಡಿರುತ್ತದೆ. ಅದನ್ನು ನಡೆಸುವ ಫ್ರೆನಿಕ್ ನರ ಹೊರಡುವುದು ಮಾತ್ರ ಅಷ್ಟು ಮೇಲೆ, ಕುತ್ತಿಗೆಯ 3, 4, 5ನೇ ಬೇರುಗಳಿಂದ. ಹೊರಟು, ನಾನು ಆಗ ಹೇಳಿದ ಮುಂದಿನ ಸ್ಕೇಲೀನ್ ಸ್ನಾಯುವಿನ ಮೈಮೇಲೇ ಇಳಿದುಹೋಗುತ್ತದೆ. ಗಂಟಲಮಣಿಯ ಕೆಳಗಿನ ಉಂಗುರದ ಮಟ್ಟದಲ್ಲಿ, ಅಂದರೆ ಬ್ಲಾಕ್ ಕೊಡುವ ಜಾಗದಲ್ಲೇ, ಭುಜದ 5ನೇ ಬೇರಿಗೂ ಈ ನರಕ್ಕೂ ನಡುವಿನ ದೂರ ಸುಮಾರು 2 ಮಿಲಿಮೀಟರ್. ಒಂದು ಅಕ್ಕಿಕಾಳು ಎಷ್ಟು ಅಗಲ ಇರುತ್ತದೆ? ಅಷ್ಟು. ಔಷಧಿ ನೀರಿನಂಥದ್ದು, ಅದಕ್ಕೆ ಬೇಲಿ ಹಾಕಲಾಗುವುದಿಲ್ಲ.

ಹಳೆಯ ಪದ್ಧತಿಯಂತೆ 20 ಮಿಲಿ ಅಥವಾ ಜಾಸ್ತಿ ಔಷಧಿ ಕೊಟ್ಟರೆ ಹೆಚ್ಚುಕಡಿಮೆ ಎಲ್ಲರಿಗೂ ಆ ಬದಿಯ ವಪೆ ಕೆಲವು ಗಂಟೆ ಕೆಲಸ ನಿಲ್ಲಿಸುತ್ತದೆ. 5 ಮಿಲಿಗೆ ಇಳಿಸಿದರೂ ಸುಮಾರು ಅರ್ಧದಷ್ಟು ಜನರಲ್ಲಿ ಹಾಗಾಗುತ್ತದೆ. ಊದಿ ಹೊರಹಾಕುವ ಗಾಳಿ ಸರಿಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ. ಶ್ವಾಸಕೋಶ ಚೆನ್ನಾಗಿರುವ 30 ವರ್ಷದ ಕಬಡ್ಡಿ ಆಟಗಾರನಿಗೆ ಇದು ಗೊತ್ತೇ ಆಗುವುದಿಲ್ಲ. ಇನ್ನೊಂದು ಬದಿ ನಿಭಾಯಿಸುತ್ತದೆ. ನಿಮ್ಮ ತಂದೆಯಂಥವರಿಗೆ ಆ ಕಾಲು ಭಾಗವೇ ಕೈಯಲ್ಲಿದ್ದ ಉಳಿತಾಯ.

ನನಗೆ ಇದು ಪುಸ್ತಕದಿಂದ ಬಂದ ಪಾಠವಲ್ಲ. ಸುಮಾರು 20 ವರ್ಷಗಳ ಹಿಂದಿನ ಮಾತು. ನಾನಿದ್ದ ಆಸ್ಪತ್ರೆಯ ಥಿಯೇಟರಿನಲ್ಲಿ ಆಗ ಅಲ್ಟ್ರಾಸೌಂಡ್ ಇರಲಿಲ್ಲ. ನಿವೃತ್ತ ಬಸ್ ಕಂಡಕ್ಟರ್ ಒಬ್ಬರಿಗೆ ಭುಜದ ಆಪರೇಷನ್. ಬೀಡಿ ಸೇದುತ್ತಿದ್ದವರು. ಮೆಟ್ಟಿಲು ಹತ್ತಬಲ್ಲಿರಾ ಎಂದು ಕೇಳಿದ್ದೆ, "ಓಹೋ" ಎಂದಿದ್ದರು. ಎಷ್ಟು ಮೆಟ್ಟಿಲು ಎಂದು ಕೇಳಿರಲಿಲ್ಲ. ಬೆರಳಲ್ಲಿ ಸಂದು ಗುರುತಿಸಿ 30 ಮಿಲಿ ಕೊಟ್ಟೆ. ಭುಜ ಚೆನ್ನಾಗಿ ಮರಗಟ್ಟಿತು. ಹತ್ತು ನಿಮಿಷ ಕಳೆದಿರಬೇಕು, "ಮೇಡಂ, ಉಸಿರು ಅರ್ಧಕ್ಕೇ ನಿಲ್ತಾ ಇದೆ" ಎಂದರು. ಎದೆಯ ಬಲಭಾಗ ಏಳುತ್ತಲೇ ಇರಲಿಲ್ಲ. ಬೆರಳಿನ ಮೀಟರಿನಲ್ಲಿ ಆಕ್ಸಿಜನ್ ಇಳಿಯುತ್ತಿತ್ತು. ಎಬ್ಬಿಸಿ ಕೂರಿಸಿದೆವು, ಆಕ್ಸಿಜನ್ ಕೊಟ್ಟೆವು, ಆಪರೇಷನ್ ಮುಂದೂಡಿದೆವು. ಸಂಜೆವರೆಗೆ ಪಕ್ಕದಲ್ಲೇ ಕೂತಿದ್ದೆ. ನನ್ನ ಕೈ ಬಿಡದೆ ಹಿಡಿದುಕೊಂಡಿದ್ದರು. ಔಷಧಿ ಇಳಿದ ಮೇಲೆ ಸರಿಹೋದರು. ಅಂದಿನಿಂದ ಭುಜದ ಆಪರೇಷನ್‌ಗೆ ಬರುವ ಪ್ರತಿಯೊಬ್ಬರನ್ನೂ ನಾನೇ ಜೊತೆಗೆ ನಡೆಸಿಕೊಂಡು ಮೆಟ್ಟಿಲು ಹತ್ತಿಸಿ ನೋಡುತ್ತೇನೆ.

ಇದೇ ಜಾಗದ ಸುತ್ತ ಇನ್ನೂ ಒಂದೆರಡು ನರಗಳಿವೆ. ಅವಕ್ಕೂ ಔಷಧಿ ತಾಗಿದರೆ ಬಲಗಣ್ಣಿನ ರೆಪ್ಪೆ ಸ್ವಲ್ಪ ಇಳಿಯುತ್ತದೆ, ಕಣ್ಣುಪಾಪೆ ಚಿಕ್ಕದಾಗುತ್ತದೆ, ಅಥವಾ ಧ್ವನಿ ಗೊಗ್ಗರಾಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಮನೆಯವರು ಲಕ್ವ ಎಂದೇ ತಿಳಿಯುತ್ತಾರೆ. ಒಬ್ಬ ಅಜ್ಜಿ ವಾರ್ಡಿನಲ್ಲಿ ಗಂಡನ ಮುಖ ನೋಡಿ ಗೋಳಾಡಿದ್ದು ನೆನಪಿದೆ. ಬ್ಲಾಕ್ ಇಳಿದಾಗ ಇವೂ ಹೋಗುತ್ತವೆ. ಆದರೆ ಒಂದು ವಿಷಯ ಗಮನಿಸಿ. ನಿಮ್ಮ ತಂದೆಗೆ ಹಿಂದೆ ಥೈರಾಯ್ಡ್ ಆಪರೇಷನ್ ಆಗಿದ್ದರೆ, ಆಮೇಲೆ ಧ್ವನಿ ಬದಲಾಗಿದ್ದರೆ, ತಪ್ಪದೆ ಹೇಳಿ. ಎಡಗಡೆ ಧ್ವನಿತಂತು ಅಥವಾ ಎಡಗಡೆ ವಪೆ ಮೊದಲೇ ಕೆಲಸ ಮಾಡದಿರುವವರಿಗೆ ಬಲಗಡೆ ಈ ಬ್ಲಾಕ್ ಕೊಡಲೇಬಾರದು.

ಹಾಗಾದರೆ ಪೂರ್ತಿ ಪ್ರಜ್ಞೆ ತಪ್ಪಿಸಿದರೆ ಸಾಕಲ್ವಾ ಎಂದು ಕೇಳಿದ್ದೀರಿ. ಆಗುತ್ತದೆ, ಮಾಡುತ್ತಾರೆ. ಆದರೆ ಅದು ಅಪಾಯವಿಲ್ಲದ ದಾರಿ ಅಲ್ಲ. ರೊಟೇಟರ್ ಕಫ್ ರಿಪೇರಿಯ ಮೊದಲ ರಾತ್ರಿಯ ನೋವು ಬಹಳ ಜೋರು. ಬ್ಲಾಕ್ ಇಲ್ಲದಿದ್ದರೆ ಅದನ್ನು ತಡೆಯಲು ಮಾರ್ಫಿನ್ ಜಾತಿಯ ಔಷಧಿ ಜಾಸ್ತಿ ಬೇಕಾಗುತ್ತದೆ. ಅವು ವಾಂತಿ, ಮಂಪರು ತರುತ್ತವೆ, ಉಸಿರನ್ನೂ ನಿಧಾನ ಮಾಡುತ್ತವೆ. ನೋವಿಗೆ ಹೆದರಿ ಆಳವಾಗಿ ಉಸಿರೆಳೆಯದೆ, ಕೆಮ್ಮದೆ ಮಲಗಿದರೆ ಎದೆಯಲ್ಲಿ ಕಫ ಕಟ್ಟುತ್ತದೆ. ಬೀಡಿ ಸೇದಿದ ಶ್ವಾಸಕೋಶಕ್ಕೆ ಗಂಟಲಿಗೆ ಟ್ಯೂಬ್ ಹಾಕುವುದೂ ಕಿರಿಕಿರಿಯೇ. ಹಾಗಾಗಿ ಉಸಿರಿನ ಭಯದಿಂದ ಬ್ಲಾಕ್ ಬೇಡ ಎಂದು ಬಿಟ್ಟರೆ ಉಸಿರಿನ ತೊಂದರೆ ಇನ್ನೊಂದು ಬಾಗಿಲಿಂದ ಬರಬಹುದು.

ನಡುವಿನ ದಾರಿಗಳಿವೆ. ಅವುಗಳ ಬಗ್ಗೆಯೇ ನೀವು ನಿಮ್ಮ ಡಾಕ್ಟರ ಜೊತೆ ಮಾತಾಡಬೇಕು. 5 ಮತ್ತು 6ನೇ ಬೇರುಗಳು ಸ್ವಲ್ಪ ಕೆಳಗೆ ಒಂದಾಗಿ ಮೇಲಿನ ಕಾಂಡವಾಗುತ್ತವೆ. ಅಲ್ಲಿಗೆ ಬರುವಷ್ಟರಲ್ಲಿ ಫ್ರೆನಿಕ್ ನರ ಇನ್ನಷ್ಟು ದೂರ ಸರಿದಿರುತ್ತದೆ. ಪ್ರತಿ ಸೆಂಟಿಮೀಟರ್ ಕೆಳಗಿಳಿದಂತೆ ಸುಮಾರು 3 ಮಿಲಿಮೀಟರ್ ದೂರವಾಗುತ್ತದೆ. ಆ ಜಾಗದಲ್ಲಿ ಕಡಿಮೆ ಔಷಧಿಯಲ್ಲಿ ಕೊಡುವುದಕ್ಕೆ ಸುಪೀರಿಯರ್ ಟ್ರಂಕ್ ಬ್ಲಾಕ್ ಎನ್ನುತ್ತಾರೆ. ನೋವು ಚೆನ್ನಾಗಿ ತಡೆಯುತ್ತದೆ, ವಪೆ ಉಳಿಯುವ ಸಾಧ್ಯತೆ ಜಾಸ್ತಿ, ಆದರೆ ಖಾತ್ರಿ ಇಲ್ಲ. ಇನ್ನೊಂದು ದಾರಿ ಕುತ್ತಿಗೆಯನ್ನೇ ಬಿಟ್ಟು ಭುಜದ ಹಿಂದಿನಿಂದ ಎರಡು ಕಡೆ ಕೊಡುವುದು. ಹೆಗಲ ಮೂಳೆಯ ಮೇಲೆ ಸುಪ್ರಾಸ್ಕ್ಯಾಪುಲರ್ ನರಕ್ಕೆ ಒಂದು, ತೋಳಿನ ಹಿಂಭಾಗದಲ್ಲಿ ಆಕ್ಸಿಲರಿ ನರಕ್ಕೆ ಇನ್ನೊಂದು. ಇವು ಫ್ರೆನಿಕ್ ನರದಿಂದ ಬಲು ದೂರ. ಭುಜದ ಕೀಲಿನ ಸಂವೇದನೆಯ ದೊಡ್ಡ ಪಾಲು ಈ ಎರಡರದೇ. ಕೈಯ ಕೆಳಭಾಗ, ಬೆರಳುಗಳು ಆಡುತ್ತಲೇ ಇರುತ್ತವೆ. ಕೊರತೆ ಏನೆಂದರೆ ಮೊದಲ ಕೆಲವು ಗಂಟೆ ನೋವು ತಡೆಯುವುದು ಕುತ್ತಿಗೆಯ ಬ್ಲಾಕ್‌ಗಿಂತ ಸ್ವಲ್ಪ ಕಡಿಮೆ. ಇದರ ಮೇಲೆ ಮಾತ್ರ ಆಪರೇಷನ್ ಮಾಡಲಾಗುವುದಿಲ್ಲ, ಜೊತೆಗೆ ಪ್ರಜ್ಞೆ ತಪ್ಪಿಸಲೇಬೇಕು. ಆದರೆ ಹಗುರವಾಗಿ ಸಾಕು, ಮಾರ್ಫಿನ್ ಜಾತಿಯದೂ ಕಡಿಮೆ ಸಾಕು.

ನಾನು ನಿಮ್ಮ ತಂದೆಯನ್ನು ಕೈಯಿಟ್ಟು ನೋಡಿಲ್ಲ, ಕೊನೆಯ ಮಾತು ನೋಡಿದವರದೇ. ಆದರೂ ಮನಸ್ಸಿನಲ್ಲಿರುವುದನ್ನು ಹೇಳುತ್ತೇನೆ. ಒಂದು ಮಹಡಿಗೆ ಏದುಸಿರು ಬರುವವರು ನನ್ನ ಬಳಿ ಬಂದರೆ ನಾನು 20 ಮಿಲಿಯ ಕುತ್ತಿಗೆ ಬ್ಲಾಕ್ ಕೊಡುವುದಿಲ್ಲ. ಮೊದಲು ಊದಿಸಿ ನೋಡುವ ಪರೀಕ್ಷೆ, ಅಂದರೆ ಪಿಎಫ್‌ಟಿ, ಒಂದು ಎದೆ ಎಕ್ಸ್‌ರೇ ಮಾಡಿಸುತ್ತೇನೆ. ಎಕ್ಸ್‌ರೇಯಲ್ಲಿ ಎಡಗಡೆ ವಪೆ ಮೇಲೇರಿ ಕೂತಿದೆಯಾ ಎಂದು ನೋಡುತ್ತೇನೆ. ಬೇಕಿದ್ದರೆ ಅದೇ ಅಲ್ಟ್ರಾಸೌಂಡ್ ಪ್ರೋಬ್ ಪಕ್ಕೆಲುಬಿನ ಕೆಳಗಿಟ್ಟು ಎರಡೂ ವಪೆ ಆಡುವುದನ್ನು ನೋಡಬಹುದು. ವರದಿ ಕೆಟ್ಟದಾಗಿದ್ದರೆ ಹಿಂದಿನ ಎರಡು ಬ್ಲಾಕ್ ಮತ್ತು ಹಗುರ ಅರಿವಳಿಕೆ. ಪರವಾಗಿಲ್ಲ ಅನ್ನುವಂತಿದ್ದರೆ 5 ಮಿಲಿಯ ಸುಪೀರಿಯರ್ ಟ್ರಂಕ್. ಈ ಆಪರೇಷನ್ ನಾಳೆಯೇ ಆಗಬೇಕಾದ್ದೇನೂ ಅಲ್ಲ. ಎರಡು ವಾರ ಇನ್‌ಹೇಲರ್ ತಪ್ಪದೆ ಸರಿಯಾದ ಕ್ರಮದಲ್ಲಿ ತೆಗೆದುಕೊಂಡು, ಮೂರು ಚೆಂಡಿನ ಉಸಿರಾಟದ ಆಟಿಕೆಯಲ್ಲಿ ದಿನಾ ಅಭ್ಯಾಸ ಮಾಡಿ ಬಂದರೆ ಇನ್ನೂ ಒಳ್ಳೆಯದು. ಆಪರೇಷನ್ ದಿನ ಬೆಳಿಗ್ಗೆಯೂ ಇನ್‌ಹೇಲರ್ ಬಿಡಬಾರದು. ಖಾಲಿ ಹೊಟ್ಟೆ ಅಂತ ಅದನ್ನೂ ಬಿಟ್ಟು ಬರುವವರು ಬಹಳ.

ಆಸ್ಪಿರಿನ್ ಬಗ್ಗೆ ಜಾಸ್ತಿ ಚಿಂತೆ ಬೇಡ. ಇದು ಚರ್ಮದ ಹತ್ತಿರದ ಜಾಗ, ರಕ್ತ ಒಸರಿದರೂ ಒತ್ತಿ ಹಿಡಿಯಬಹುದು, ಪರದೆಯಲ್ಲಿ ರಕ್ತನಾಳ ಕಾಣುತ್ತಿರುತ್ತದೆ. ಬರೀ ಆಸ್ಪಿರಿನ್ ಇದ್ದರೆ ಸಾಮಾನ್ಯವಾಗಿ ಬ್ಲಾಕ್ ನಿಲ್ಲಿಸುವುದಿಲ್ಲ. ಹೃದಯಕ್ಕೆ ಸ್ಟೆಂಟ್ ಹಾಕಿದ್ದರೆ, ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ಥರದ ಇನ್ನೊಂದು ಮಾತ್ರೆ ಇದ್ದರೆ ಕತೆ ಬೇರೆ. ಮಾತ್ರೆಯ ಪಟ್ಟಿಯನ್ನೇ ತೆಗೆದುಕೊಂಡು ಹೋಗಿ ತೋರಿಸಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.

ಬ್ಲಾಕ್‌ಗೆ ಕೊಟ್ಟ ಮರಗಟ್ಟಿಸುವ ಔಷಧಿ ರಕ್ತಕ್ಕೆ ಸೇರಿ ಏರುವುದು ಅಪರೂಪ, ಆದರೆ ಗಂಭೀರ. ಬಾಯಿ ಸುತ್ತ ಜುಮ್ಮೆನ್ನುವುದು, ನಾಲಿಗೆಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಎನ್ನುವುದು ಮೊದಲ ಸೂಚನೆ. ಮುಂದುವರಿದರೆ ಫಿಟ್ಸ್ ಬರಬಹುದು, ಹೃದಯದ ಬಡಿತ ಕೆಡಬಹುದು. ಇದಕ್ಕೆ ಹಾಲಿನಂತೆ ಬೆಳ್ಳಗಿರುವ, ಸೋಯಾ ಎಣ್ಣೆಯಿಂದ ಮಾಡಿದ 20% ಲಿಪಿಡ್ ಎಮಲ್ಷನ್ ಕೊಡುತ್ತೇವೆ. ಬ್ಲಾಕ್ ಕೊಡುವ ಥಿಯೇಟರಿನಲ್ಲಿ ಅದು ಕೈಗೆಟುಕುವಂತೆ ಇರಬೇಕು. "ಲಿಪಿಡ್ ಇಟ್ಟಿದ್ದೀರಾ ಡಾಕ್ಟ್ರೇ?" ಎಂದು ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

ಅಲ್ಟ್ರಾಸೌಂಡ್ ಇದೆಯಾ ಎಂದೂ ಧಾರಾಳವಾಗಿ ಕೇಳಿ. ನಮ್ಮಲ್ಲಿ ಭ್ರೂಣದ ಲಿಂಗಪತ್ತೆ ತಡೆಯುವ 1994ರ ಕಾಯ್ದೆಯ ಕೆಳಗೆ ಎಲ್ಲ ಅಲ್ಟ್ರಾಸೌಂಡ್ ಯಂತ್ರಗಳೂ ನೋಂದಣಿಯಾಗಿರಬೇಕು. ಕುತ್ತಿಗೆ ನೋಡಲು ಬಳಸಿದರೂ ಅಷ್ಟೇ. ಇಂದು ಈ ಆಸ್ಪತ್ರೆ, ನಾಳೆ ಆ ಆಸ್ಪತ್ರೆ ಎಂದು ನಾವು ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ಓಡಾಡುವಂತಿಲ್ಲ. ಆ ಕಾನೂನು ಹೆಣ್ಣುಮಕ್ಕಳ ಜೀವ ಕಾಯಲು ಬಂದದ್ದು, ಅದು ಇರಲೇಬೇಕು. ಆದರೆ ಅದರಿಂದಾಗಿ ಸಣ್ಣ ಆಸ್ಪತ್ರೆಗಳ ಥಿಯೇಟರಿನಲ್ಲಿ ಯಂತ್ರ ಇರಲಿಕ್ಕಿಲ್ಲ ಎಂಬುದು ನಿಮಗೆ ಗೊತ್ತಿರಲಿ. ನಿಮ್ಮ ತಂದೆಯಂಥ ಶ್ವಾಸಕೋಶ ಇರುವವರಿಗೆ ಸ್ಕ್ಯಾನ್ ಇಲ್ಲದೆ ಕುತ್ತಿಗೆ ಬ್ಲಾಕ್ ಬೇಡ. ನಿಮ್ಮ ಡಾಕ್ಟರು ಸ್ಕ್ಯಾನ್ ನೋಡಿಕೊಂಡು ಎಂದೇ ಹೇಳಿದ್ದಾರೆ, ಅದು ನೆಮ್ಮದಿಯ ವಿಷಯ.

ಬ್ಲಾಕ್ ಯಾವುದೇ ಆಗಲಿ, ಮೊದಲ ರಾತ್ರಿಯ ಬಗ್ಗೆ ಮನೆಯವರು ಸಿದ್ಧರಾಗಿರಬೇಕು. ಸಂಜೆ ನಿಮ್ಮ ತಂದೆ ಆರಾಮವಾಗಿ ಮಾತಾಡುತ್ತಾ ಕೂತಿರುತ್ತಾರೆ. ನೋವೇ ಇಲ್ಲ, ಮಾತ್ರೆ ಯಾಕೆ ಅನ್ನುತ್ತಾರೆ. ನಡುರಾತ್ರಿ ಎರಡು ಮೂರು ಗಂಟೆಗೆ ಬ್ಲಾಕ್ ಇಳಿಯುತ್ತದೆ. ನೋವು ಮೆಲ್ಲಗೆ ಬರುವುದಿಲ್ಲ, ಕಟ್ಟೆ ಒಡೆದಂತೆ ಬರುತ್ತದೆ. ಆಗ ಮಾತ್ರೆ ನುಂಗಿದರೆ ಅದು ಹತ್ತಲು ಮುಕ್ಕಾಲು ಗಂಟೆ ಬೇಕು. ಬೆರಳು ಜುಮ್ಮೆನ್ನಲು ಶುರುವಾದ ಕೂಡಲೇ, ಅದಾಗದಿದ್ದರೂ ಮಲಗುವ ಮೊದಲು, ಡಾಕ್ಟರು ಬರೆದ ಮಾತ್ರೆ ಕೊಡಿ. ಬ್ಲಾಕ್ ಜಾಸ್ತಿ ಹೊತ್ತು ನಿಲ್ಲಲಿ ಎಂದು ಕೆಲವರು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ. ಅದರಿಂದ ಒಂದೆರಡು ದಿನ ಶುಗರ್ ಏರುತ್ತದೆ. ಗ್ಲೂಕೋಮೀಟರ್ ಇದ್ದರೆ ನೋಡುತ್ತಿರಿ.

ಮರಗಟ್ಟಿದ ಕೈಗೆ ಸುಟ್ಟರೂ ಗೊತ್ತಾಗುವುದಿಲ್ಲ. ಬಿಸಿ ಕಾಫಿ ಲೋಟ, ಬಿಸಿನೀರಿನ ಚೀಲ ಹತ್ತಿರ ಬೇಡ. ಸ್ಲಿಂಗ್ ಸದಾ ಇರಲಿ, ಕೈ ಮೈ ಕೆಳಗೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ. ತಲೆಭಾಗ ಎತ್ತರಿಸಿ ಮಲಗಿಸಿ, ವಪೆಗೆ ಅದು ಸುಲಭ. ಉಸಿರು ಸಾಲುತ್ತಿಲ್ಲ ಎಂದರೆ, ಎದೆ ನೋವು ಎಂದರೆ ಬೆಳಗಾಗುವವರೆಗೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ತಿಳಿಸಿ. ಎರಡು ದಿನ ಕಳೆದರೂ ಕೈ ಏಳದಿದ್ದರೆ, ಬೆರಳಿನ ಜೋಮು ಹೋಗದಿದ್ದರೆ ಬ್ಲಾಕ್ ಕೊಟ್ಟ ಡಾಕ್ಟರಿಗೇ ಹೇಳಿ.

ಇನ್ನು ನಿಮ್ಮ ತಂದೆಯ ಪ್ರಶ್ನೆ. ಬ್ಲಾಕ್ ಕೊಡುವಾಗ ಎಚ್ಚರ, ಆಮೇಲೆ ಆಪರೇಷನ್ ಹೊತ್ತಿಗೆ ಪ್ರಜ್ಞೆ ತಪ್ಪಿಸುತ್ತಾರಾದರೆ ಏನೂ ಕೇಳಿಸುವುದಿಲ್ಲ. ಬರೀ ಬ್ಲಾಕ್ ಮೇಲೆ ಮಾಡುತ್ತಾರಾದರೆ ಕೇಳಿಸುತ್ತದೆ. ಕೀಲಿನೊಳಗೆ ನೀರು ಹಾಯಿಸುವ ಪಂಪಿನ ಸದ್ದು, ಕೀಲಿನೊಳಗೆ ಕೆರೆದು ತೆಗೆಯುವ ಸಣ್ಣ ಶೇವರ್ ಗುರ್ ಎನ್ನುವುದು, ಮೂಳೆಗೆ ಮೊಳೆ ಕೂರಿಸುವಾಗ ಟಕ್ ಟಕ್ ಎಂದು ಬಡಿಯುವುದು. ನೋವಿರುವುದಿಲ್ಲ, ಎಳೆದಂತೆ, ಅಲುಗಾಡಿಸಿದಂತೆ ಮಾತ್ರ ಅನಿಸುತ್ತದೆ. ಮುಖಕ್ಕೆ ಅಡ್ಡ ಬಟ್ಟೆ ಇರುವುದರಿಂದ ಕಾಣುವುದಿಲ್ಲ. ಆ ಸದ್ದು ಬೇಡ ಎಂದರೆ ಅಂದು ಬೆಳಿಗ್ಗೆಯೇ ಅರಿವಳಿಕೆ ಡಾಕ್ಟರಿಗೆ ನಿಮ್ಮ ತಂದೆಯೇ ಹೇಳಲಿ. ಮಂಪರಿಗೆ ಔಷಧಿ ಕೊಡಬಹುದು, ಕಿವಿಗೆ ಹೆಡ್‌ಫೋನ್ ಹಾಕಿ ಅವರಿಗಿಷ್ಟದ ಹಾಡು ಹಾಕಬಹುದು. ನನ್ನ ಥಿಯೇಟರಿನಲ್ಲಿ ಜಾಸ್ತಿ ಜನ ಕೇಳುವುದು ದಾಸರ ಪದ.